ಗ್ರಹಣ ಇಲ್ಲದ ದಿನ ಒನಕೆ ನಿಲ್ಲಿಸಿದೆವು

2025ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರಗ್ರಹಣ. ಮಾರನೇ ದಿನ ಬೇಲೂರು ಕಡೆಯ ನಮ್ಮ ಹೈಸ್ಕೂಲಿನ ಎಂಟನೇ ಕ್ಲಾಸಿನಲ್ಲಿ ಬೇರೆ ಮಾತೇ ಇಲ್ಲ. "ಸಾರ್, ನಮ್ಮಜ್ಜಿ ತಟ್ಟೆಗೆ ನೀರು ಹಾಕಿ ಒನಕೆ ಇಟ್ರು. ಯಾರೂ ಹಿಡ್ಕೊಳ್ದೇನೇ ನಿಂತಿತ್ತು!" ಗ್ರಹಣ ಹಿಡಿದಾಗ ಮಾತ್ರ ಒನಕೆ ತಾನಾಗಿ ನಿಲ್ಲುತ್ತದೆ ಎಂಬುದು ಅವರ ನಂಬಿಕೆ.

"ಅದೆಲ್ಲ ಮೂಢನಂಬಿಕೆ, ಕೂತ್ಕೊ" ಅನ್ನುವುದು ಸುಲಭ. ಆಗ ಆ ಹುಡುಗ ಅಜ್ಜಿಯನ್ನು ಬಿಟ್ಟು ನನ್ನನ್ನು ನಂಬಬೇಕು. ಅದೂ ನಂಬಿಕೆಯೇ ಅಲ್ವಾ?

"ಗ್ರಹಣ ಇಲ್ಲದ ದಿನ ನಿಲ್ಲಿಸಿ ನೋಡಿದ್ದೀರಾ?" ಎಂದಷ್ಟೇ ಕೇಳಿದೆ. ಒಬ್ಬರೂ ನೋಡಿರಲಿಲ್ಲ.

ಗುರುವಾರ ಮೂರು ಒನಕೆ ಬಂದವು. ಮೊದಲು ಎಲ್ಲವೂ ಬಿದ್ದವು. ಒಬ್ಬಳು ನೆಲದ ಮೇಲೆ ಗೋಲಿ ಇಟ್ಟಳು, ಅದು ಉರುಳಿತು. ನೆಲವೇ ಓರೆ! ಜಾಗ ಬದಲಿಸಿ, ಉಸಿರು ಬಿಗಿಹಿಡಿದು ನಿಲ್ಲಿಸಿದರು. ಎರಡು ನಿಂತವು. ಬುಡ ಸಪಾಟಾಗಿದ್ದು, ಭಾರ ಬುಡದ ಮೇಲೇ ನೇರವಾಗಿ ಬಿದ್ದರೆ ಒನಕೆ ಯಾವ ದಿನವಾದರೂ ನಿಲ್ಲುತ್ತದೆ. ಬುಡ ಸವೆದಿದ್ದ ಮೂರನೆಯದು ಏನು ಮಾಡಿದರೂ ನಿಲ್ಲಲಿಲ್ಲ. ಅದನ್ನು ತಂದವನು ಮೆಲ್ಲಗೆ ಹೇಳಿದ: "ಇದು ಗ್ರಹಣದ ದಿನಾನೂ ನಿಂತಿರ್ಲಿಲ್ಲ ಸಾರ್."

ನನಗೆ ಇಡೀ ಪಾಠ ಆ ಒಂದು ಮಾತಿನಲ್ಲಿತ್ತು. ನಿಂತ ಒನಕೆಯ ಸುದ್ದಿ ಊರೆಲ್ಲ ಓಡಾಡುತ್ತದೆ. ಬಿದ್ದ ಒನಕೆಯನ್ನು ಸುಮ್ನೆ ಮೂಲೆಗೆ ಒರಗಿಸುತ್ತಾರೆ.

ಒನಕೆ ನಿಂತರೆ ಯಾರಿಗೂ ನಷ್ಟವಿಲ್ಲ. ಆದರೆ ನಮ್ಮ ತೋಟಗಳಲ್ಲಿ ಹಾವು ಕಚ್ಚಿದರೆ ಇವತ್ತಿಗೂ ಮಂತ್ರ ಹಾಕಿಸಲು ಓಡುವವರಿದ್ದಾರೆ. ಬದುಕಿದವರನ್ನು ತೋರಿಸುತ್ತಾರೆ. ಕೇರೆ ಹಾವಿಗೆ ವಿಷವೇ ಇಲ್ಲ. ನಾಗರಹಾವು ಕೂಡ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಹಾಗೆ ಕಚ್ಚಿಸಿಕೊಂಡವರು ಮಂತ್ರ ಇಲ್ಲದಿದ್ದರೂ ಬದುಕುತ್ತಿದ್ದರು. ವಿಷ ಏರಿದವರಿಗೆ ಬೇಕಾದ್ದು ಆಸ್ಪತ್ರೆಯ ಇಂಜೆಕ್ಷನ್, ಅದೂ ಬೇಗ. ಆಸ್ಪತ್ರೆಗೆ ಹೋಗಲು ತಡವಾಗಿ ಸತ್ತವರನ್ನು ಮಂತ್ರದ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ. "ಬಿದ್ದ ಒನಕೆ ಎಲ್ಲಿ?" ಎಂದು ಕೇಳುವ ಮಗು ಮನೆಯಲ್ಲಿದ್ದರೆ ಒಂದು ಜೀವ ಉಳಿಯಬಹುದು. ಇದು ಪರೀಕ್ಷೆಗೆ ಬರಲ್ಲ ಅಂತ ಬಿಡುವ ವಿಷಯವಲ್ಲ.

"ಹಂಗಾದ್ರೆ ಅಜ್ಜಿ ಸುಳ್ಳು ಹೇಳಿದ್ರಾ ಸಾರ್?" ಎಂದು ಮೊದಲ ಹುಡುಗ ಕೇಳಿದ. ಮುಖ ಸಣ್ಣದಾಗಿತ್ತು. "ಇಲ್ಲಪ್ಪ, ಅಜ್ಜಿ ಕಣ್ಣಾರೆ ಕಂಡದ್ದನ್ನೇ ಹೇಳಿದ್ದಾರೆ. ಬೇರೆ ದಿನ ನೋಡಿಲ್ಲ, ಅಷ್ಟೇ. ಹೋಗಿ ಜೊತೆಗೇ ನಿಲ್ಲಿಸಿ ನೋಡು" ಅಂದೆ. ಈ ಮಾತು ಮೇಷ್ಟ್ರುಗಳಿಗೆ ಮುಖ್ಯ. ಮನೆಯವರನ್ನು ಹೀಯಾಳಿಸಿ ವಿಜ್ಞಾನ ಕಲಿಸಲು ಆಗುವುದಿಲ್ಲ.

2027ರ ಆಗಸ್ಟ್ 2ರಂದು ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣವಿದೆ. ಆಗ ಇವರು ಹತ್ತನೇ ಕ್ಲಾಸು. ಮಳೆಗಾಲ, ಸೂರ್ಯ ಕಾಣದೆಯೂ ಇರಬಹುದು. ಒನಕೆಗೆ ಮೋಡದ ಹಂಗಿಲ್ಲ. ಒಂದು ವಾರ ಮೊದಲೇ ಶುರು ಮಾಡಿ, ದಿನಾ ನಿಂತದ್ದು, ಬಿದ್ದದ್ದು ಎರಡನ್ನೂ ಬರೆದಿಡುತ್ತಾರಂತೆ. ಅಜ್ಜಿಯೂ ಬರುತ್ತಾರಂತೆ.