ವಾಯಿದೆಗೆ ಹೋದ ದಿನದ ಕೂಲಿ ಯಾರು ಕೊಡುತ್ತಾರೆ?

ಕೇಸಿನ ವಿಚಾರಣೆಗೆ ಗೊತ್ತುಮಾಡಿದ ಏಳನೆಯ ವಾಯಿದೆಯ ದಿನ ಆಕೆ ಬೆಳಿಗ್ಗೆ ಹತ್ತಕ್ಕೇ ಬಂದು ಕಾರ್ಮಿಕ ಇಲಾಖೆಯ ಕಚೇರಿಯ ಮೆಟ್ಟಿಲ ಮೇಲೆ ಕುಳಿತಿದ್ದರು. ಮಡಿಲಲ್ಲಿ ಊಟದ ಡಬ್ಬಿ, ಪಕ್ಕದಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನ ತುಂಬ ಕಾಗದ. ಹನ್ನೊಂದೂವರೆಗೆ ಗುಮಾಸ್ತರು ಹೊರಗೆ ಬಂದು, ಸಾಹೇಬರಿಗೆ ತುರ್ತು ಸಭೆ ಇದೆ, ವಾಯಿದೆ ಮುಂದಿನ ತಿಂಗಳಿಗೆ ಹೋಗಿದೆ ಎಂದು ಹೇಳಿ ಒಳಗೆ ನಡೆದರು. ಆಕೆ ಸಿಟ್ಟು ಮಾಡಲಿಲ್ಲ. ಬೆರಳು ಮಡಚುತ್ತಾ ಲೆಕ್ಕ ಹಾಕಿದರು. ಬಸ್ಸು ಶಕ್ತಿ ಯೋಜನೆಯಲ್ಲಿ ಬಿಟ್ಟಿ, ಅದಕ್ಕೆ ದುಡ್ಡಿಲ್ಲ. ಒಂದು ದಿನದ ಸಂಬಳ 460. ರಜೆ ಹಾಕಿದ್ದರಿಂದ ಆ ತಿಂಗಳ ಹಾಜರಿ ಬೋನಸ್ 500 ಕೂಡ ಹೋಯಿತು. ಏಳು ತಿಂಗಳಿಗೆ ಏಳು ವಾಯಿದೆ, 6,720 ರೂಪಾಯಿ. "ಈ ಕೇಸಿಗೆ ಖರ್ಚಿಲ್ಲ ಎಂದಿದ್ದಿರಿ ಮೇಡಂ" ಎಂದರು. ನನಗೂ ಒಂದು ಮಾತು ತಿಳಿದಿರಲಿ ಎಂಬ ದನಿಯಲ್ಲಿ ಹೇಳಿದರು, ಅಷ್ಟೆ.

ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರಿಗೆ, ಮನೆಗೆಲಸದವರಿಗೆ, ಹೌಸ್‌ಕೀಪಿಂಗ್ ಮಾಡುವವರಿಗೆ ಕಾನೂನು ನೆರವು ಕೊಡುವ ಒಂದು ಸಣ್ಣ ಕೇಂದ್ರವನ್ನು ಹನ್ನೊಂದು ವರ್ಷಗಳಿಂದ ನಡೆಸುತ್ತಿದ್ದೇನೆ. ಮೊದಲ ದಿನ ಬಂದ ಎಲ್ಲರಿಗೂ "ಇಲ್ಲಿ ಖರ್ಚಿಲ್ಲ" ಎಂದು ಹೇಳುವುದು ನಮ್ಮ ರೂಢಿ. ಆ ಮೆಟ್ಟಿಲ ಮೇಲೆ ಕುಳಿತ ಮೇಲೆ ಆ ಮಾತು ನನ್ನ ಬಾಯಿಗೆ ಬರುತ್ತಿಲ್ಲ.

ಕಾನೂನಿನಲ್ಲಿ ಕೊರತೆ ಇದೆ ಎಂದು ನಾನು ಹೇಳುತ್ತಿಲ್ಲ. ಸಂವಿಧಾನದ 39ಎ ವಿಧಿ ಉಚಿತ ಕಾನೂನು ನೆರವನ್ನು ಸರ್ಕಾರದ ಹೊಣೆಯಾಗಿಸಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯದ ಮಿತಿಯೇ ಇಲ್ಲ. ತಿಂಗಳಿಗೆ ಎಷ್ಟೇ ಸಂಬಳ ಬರಲಿ, ಹೆಂಗಸು ಎಂಬ ಒಂದೇ ಕಾರಣಕ್ಕೆ ಆಕೆಗೆ ಸರ್ಕಾರಿ ಖರ್ಚಿನಲ್ಲಿ ವಕೀಲರು ಸಿಗಬೇಕು. 15100 ಸಂಖ್ಯೆಗೆ ಕರೆ ಮಾಡಿದರೆ ಸಾಕು. ಇದು ಗೊತ್ತಿಲ್ಲದವರು ದಯವಿಟ್ಟು ಬರೆದಿಟ್ಟುಕೊಳ್ಳಿ, ಮನೆಗೆ ಕೆಲಸಕ್ಕೆ ಬರುವವರಿಗೂ ಹೇಳಿ. ವಕೀಲರ ಶುಲ್ಕವನ್ನು ಸರ್ಕಾರ ಕೊಡುತ್ತದೆ. ಆದರೆ ಕೂಲಿ ಬಿಟ್ಟು ಬಂದು ಮೆಟ್ಟಿಲ ಮೇಲೆ ಕುಳಿತ ದಿನದ ದುಡ್ಡನ್ನು ಕೊಡುವವರು ಯಾರೂ ಇಲ್ಲ.

ಆಕೆಯ ಕೇಸಿನ ವಿಚಾರವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು ಬರೆಯುತ್ತಿದ್ದೇನೆ.

ಒಂದೇ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಕಾಲರ್ ಹೊಲಿದವರು. ಕೆಲಸ ಬಿಟ್ಟಾಗ ಗ್ರಾಚ್ಯುಟಿ, ಅಂದರೆ ಹಲವು ವರ್ಷ ದುಡಿದದ್ದಕ್ಕೆ ಮಾಲೀಕರು ಕೊಡಬೇಕಾದ ಇಡಿಗಂಟು, ಕೇಳಿದರು. ಐದು ವರ್ಷ ಸತತವಾಗಿ ದುಡಿದವರಿಗೆ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಕೊಡಬೇಕು, 26 ದಿನದ ತಿಂಗಳೆಂದು ಲೆಕ್ಕ ಹಿಡಿಯಬೇಕು ಎಂಬುದು ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ ಲೆಕ್ಕ. ಮೂಲ ವೇತನ, ತುಟ್ಟಿಭತ್ಯೆ ಸೇರಿ ಕೊನೆಯ ಸಂಬಳ 12,000 ಇದ್ದರೆ ಒಂಬತ್ತು ವರ್ಷಕ್ಕೆ 62,308 ರೂಪಾಯಿ ಬರುತ್ತದೆ. ಮೂವತ್ತು ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು. ಕಾರ್ಖಾನೆಯವರು ಒಂದು ರೂಪಾಯಿಯನ್ನೂ ಕೊಡಲಿಲ್ಲ. "ನೀನು ನಮ್ಮಲ್ಲಿ ಐದು ವರ್ಷ ಕೆಲಸ ಮಾಡಿಯೇ ಇಲ್ಲ" ಎಂದರು.

ಅದು ಹೇಗೆಂದರೆ, ನಾಲ್ಕು ವರ್ಷ ಎಂಟು ತಿಂಗಳಾದಾಗ ಆಕೆಯನ್ನು ಕಚೇರಿಗೆ ಕರೆದು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಕಾಗದ. ಆಕೆ ಏಳನೇ ತರಗತಿಯವರೆಗೆ ಕನ್ನಡದಲ್ಲಿ ಓದಿದವರು. ಹೊಸ ಐಡಿ ಕಾರ್ಡ್ ಕೊಡುವುದಕ್ಕೆ ಎಂದು ಹೇಳಿದ್ದರಂತೆ. ಅದು ರಾಜೀನಾಮೆ ಪತ್ರ. ಮೂರು ದಿನದ ನಂತರದ ದಿನಾಂಕ ಹಾಕಿ ಹೊಸಬರಂತೆ ಮತ್ತೆ ಸೇರಿಸಿಕೊಂಡರು. ಕಾರ್ಖಾನೆಯಲ್ಲಿ ಆಕೆಯ ಗುರುತಿನ ಟೋಕನ್ ನಂಬರ್ ಬದಲಾಯಿತು. ಲೈನ್ ಅದೇ, ಮಿಷಿನ್ ಅದೇ, ಸೂಪರ್‌ವೈಸರ್ ಕೂಡ ಅವರೇ. ಮತ್ತೆ ನಾಲ್ಕು ವರ್ಷ ನಾಲ್ಕು ತಿಂಗಳು ದುಡಿದರು. ಹೀಗಾಗಿ ಪುಸ್ತಕದ ಪ್ರಕಾರ ಎರಡು ಸಲವೂ ಐದು ವರ್ಷ ತುಂಬಲಿಲ್ಲ. ಈ ಉಪಾಯ ನನಗೆ ಹೊಸದಲ್ಲ. ನಮ್ಮ ಮೇಜಿಗೆ ಬರುವವರನ್ನು ನಾವು ಕೇಳುವ ಮೊದಲ ಪ್ರಶ್ನೆಯೇ "ನಿಮ್ಮ ಟೋಕನ್ ನಂಬರ್ ಎಷ್ಟು ಸಲ ಬದಲಾಗಿದೆ?" ಎಂಬುದು.

ಪಿಎಫ್ ಪಾಸ್‌ಬುಕ್ ತೆಗೆಸಿದೆವು. ಪಿಎಫ್ ಸದಸ್ಯರ ಗುರುತಿನ ಸಂಖ್ಯೆಯಾದ ಯುಎಎನ್ ಒಂದೇ ಇತ್ತು, 108 ತಿಂಗಳಲ್ಲಿ ಒಂದು ತಿಂಗಳ ಕಂತೂ ತಪ್ಪಿರಲಿಲ್ಲ. ಕಾರ್ಮಿಕರ ಆರೋಗ್ಯ ವಿಮೆಯ ಇಎಸ್‌ಐ ಕಾರ್ಡಿನ ನಂಬರ್ ಕೂಡ ಬದಲಾಗಿರಲಿಲ್ಲ. ಆದರೂ ರಾಜೀನಾಮೆಗೂ ಮರುಸೇರ್ಪಡೆಗೂ ನಡುವಿನ ದಿನಗಳ ಪ್ರಶ್ನೆ ಉಳಿಯಿತು. ರಾಜೀನಾಮೆ ಕೊಟ್ಟು ಮನೆಯಲ್ಲಿದ್ದರು ಎಂದು ಅವರ ವಾದ, ಇರಲಿಲ್ಲ ಎಂದು ನಮ್ಮ ವಾದ.

ಆ ಪ್ಲಾಸ್ಟಿಕ್ ಕವರಿನ ತಳದಲ್ಲಿ ಗೋಡೆಗೆ ತೂಗುಹಾಕುವ ಹಳೆಯ ಕ್ಯಾಲೆಂಡರ್‌ಗಳು ಇದ್ದವು, ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದರು. ನಾನು ಮೊದಲು ಅವುಗಳನ್ನು ಪಕ್ಕಕ್ಕೆ ಸರಿಸಿಟ್ಟಿದ್ದೆ. ಆಕೆಯೇ ಬಿಡಿಸಿ ತೋರಿಸಿದರು. ಪ್ರತಿ ದಿನದ ಚೌಕದಲ್ಲಿ ತಿಥಿ ನಕ್ಷತ್ರದ ಪಕ್ಕ ಹಾಲಿನ ಲೆಕ್ಕಕ್ಕೆ ಒಂದು ಅಥವಾ ಎರಡು ಚುಕ್ಕಿ, ಅದರ ಕೆಳಗೆ ನೀಲಿ ಶಾಯಿಯಲ್ಲಿ ಒಂದು ಅಂಕಿ. ಅದು ಓಟಿ, ಅಂದರೆ ಹೆಚ್ಚುವರಿ ದುಡಿದ ಗಂಟೆ. ಸಂಬಳದ ದಿನ ಪೇ ಸ್ಲಿಪ್ ಜೊತೆ ತಾಳೆ ನೋಡುವುದಕ್ಕೆ ಬರೆದಿಟ್ಟದ್ದು. ರಾಜೀನಾಮೆಯ ದಿನಾಂಕ 14. ಹದಿನೈದನೆಯ ಚೌಕದಲ್ಲಿ ಹಾಲಿಗೆ ಒಂದು ಚುಕ್ಕಿ, ಓಟಿಗೆ 2. ಹದಿನಾರರಲ್ಲೂ ಹಾಗೆಯೇ. "ಸಾಗಣೆ ಅರ್ಜೆಂಟ್ ಇತ್ತು, ಪಂಚ್ ಮಾಡಬೇಡ, ಹಾಗೆಯೇ ಬಂದು ಕುಳಿತುಕೋ ಎಂದಿದ್ದರು" ಎಂದು ಆಕೆ ಹೇಳಿದರು. ತಾನು ಕೆಲಸ ಬಿಟ್ಟವಳು ಎಂದು ಕಾಗದ ಹೇಳುತ್ತಿದ್ದ ಎರಡು ದಿನವೂ ಆಕೆ ದಿನಕ್ಕೆ ಹತ್ತು ಗಂಟೆ ಹೊಲಿದಿದ್ದರು. ನಾನು ಕಾನೂನು ಓದಿದವಳು, ಪುರಾವೆ ಎಂದರೇನು ಎಂದು ಓದಿದವಳು. ಪುರಾವೆಯನ್ನು ಪಕ್ಕಕ್ಕೆ ಇಟ್ಟವಳೂ ನಾನೇ. ಆ ದಿನದಿಂದ ಯಾರೇ ಕವರ್ ತಂದರೂ ಮೇಜಿನ ಮೇಲೆ ಪೂರ್ತಿ ಸುರಿಸಿ, ಒಂದೊಂದು ಚೀಟಿಯ ಕಥೆಯನ್ನೂ ಅವರ ಬಾಯಿಂದಲೇ ಕೇಳುತ್ತೇವೆ.

ಎದುರು ಪಕ್ಷದವರು ಈಗ 30,000 ಕೊಡುತ್ತೇವೆ, ಮುಗಿಸಿಕೊಳ್ಳಿ ಎನ್ನುತ್ತಿದ್ದಾರೆ. ಮಗಳ ಕಾಲೇಜಿನ ಶುಲ್ಕಕ್ಕೆ ಕಡೆಯ ದಿನ ಹತ್ತಿರ ಬಂದಿದೆ. ಇಂಥ ರಾಜಿಗಳಿಗೆ ಸಹಿ ಹಾಕಿಸುವಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ತತ್ವಕ್ಕಾಗಿ ಹೋರಾಡಿ ಎಂದು ಹೇಳುವ ಹಕ್ಕು ನನಗಿಲ್ಲ, ಏಕೆಂದರೆ ವಾಯಿದೆಗೆ ಬಂದ ದಿನ ನನ್ನ ಸಂಬಳ ಕಡಿತವಾಗುವುದಿಲ್ಲ. ಹಾಗೆಂದು ಅರ್ಧ ಹಣಕ್ಕೆ ಮುಗಿದ ಕೇಸುಗಳನ್ನು ವರ್ಷದ ವರದಿಯಲ್ಲಿ "ಇತ್ಯರ್ಥವಾದ ಪ್ರಕರಣ" ಎಂದು ಎಣಿಸಿ ಹೆಮ್ಮೆ ಪಡುವುದನ್ನು ನಮ್ಮ ಕೇಂದ್ರದಲ್ಲಿ ನಿಲ್ಲಿಸಿದ್ದೇವೆ. ಬರಬೇಕಾದದ್ದು ಎಷ್ಟು, ಕೈಗೆ ಬಂದದ್ದೆಷ್ಟು, ಅದಕ್ಕಾಗಿ ಕಳೆದುಕೊಂಡ ಕೂಲಿ ಎಷ್ಟು ಎಂದು ಮೂರು ಕಾಲಂ ಮಾಡಿದ್ದೇವೆ. ಮೂರನೆಯ ಕಾಲಂ ಓದುವಾಗ ನಮ್ಮಲ್ಲಿ ಯಾರೂ ಮಾತನಾಡುವುದಿಲ್ಲ.

"ಇನ್ನು ಎರಡು ವಾಯಿದೆ ನೋಡೋಣ ಮೇಡಂ, ಅದಕ್ಕಿಂತ ಹೆಚ್ಚು ಆಗುವುದಿಲ್ಲ" ಎಂದಿದ್ದಾರೆ ಆಕೆ.

1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ ಒಂದು ದೊಡ್ಡ ಮಾತು ಹೇಳಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ, ಹಸಿವು ಮತ್ತು ಬಡತನದ ಒತ್ತಡವೂ ಬಲವಂತವೇ ಎಂದಿತು. ಈ ತೀರ್ಪನ್ನು ಭಾನುವಾರದ ತರಗತಿಗಳಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳಿದಾಗ ಹೆಂಗಸರು ಒಮ್ಮೆ ನೆಟ್ಟಗೆ ಕೂರುತ್ತಾರೆ. ನಂತರ ಯಾರಾದರೊಬ್ಬರು, ಹಾಗಿದ್ದರೆ ನಮಗೇಕೆ 2020ರಲ್ಲಿ ತುಟ್ಟಿಭತ್ಯೆ ಬರಲಿಲ್ಲ ಎಂದು ಕೇಳಿಯೇ ಕೇಳುತ್ತಾರೆ. ತಿಂಗಳಿಗೆ 417 ರೂಪಾಯಿ 60 ಪೈಸೆ. ದಿನಕ್ಕೆ ಹದಿನಾರು ರೂಪಾಯಿ. ಕೋವಿಡ್ ನೆಪದಲ್ಲಿ ಸರ್ಕಾರ ಅದನ್ನು ಮುಂದೂಡಿತು, ಆ ಆದೇಶಕ್ಕೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು, ಆದರೂ ಲಕ್ಷಗಟ್ಟಲೆ ಜನರ ಕೈಗೆ ಅದು ಬಹಳ ಕಾಲ ಬರಲಿಲ್ಲ. ಹದಿನಾರು ರೂಪಾಯಿಗೆ ಯಾರೊಬ್ಬರೂ ಒಂಟಿಯಾಗಿ ಕೇಸು ಹಾಕಲಾರರು. ಒಂದು ವಾಯಿದೆಗೆ ಹೋದರೆ ಎರಡು ತಿಂಗಳ ಬಾಕಿ ಕಳೆದುಹೋಗುತ್ತದೆ. ಲಕ್ಷ ಜನರಿಂದ ಹದಿನಾರು ಹದಿನಾರು ಉಳಿಸಿಕೊಂಡವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು.

ಒಟ್ಟಾಗಿ ಬಂದಾಗ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. 2016ರ ಏಪ್ರಿಲ್ 18 ಮತ್ತು 19ರಂದು ಪಿಎಫ್ ಹಣ ತೆಗೆಯುವ ನಿಯಮ ಬದಲಿಸಿದ್ದಕ್ಕೆ ಈ ಹೆಂಗಸರೇ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಮಾಲೀಕರ ಪಾಲನ್ನು 58 ವರ್ಷದವರೆಗೆ ಮುಟ್ಟುವಂತಿಲ್ಲ ಎಂಬ ಆ ನಿಯಮವನ್ನು ಕೇಂದ್ರ ಸರ್ಕಾರ ಎರಡನೆಯ ದಿನವೇ ಹಿಂತೆಗೆದುಕೊಂಡಿತು. ಅಂದು ಲಾಠಿ ಏಟು ತಿಂದವರು ಇಂದಿಗೂ ನಮ್ಮ ಕೇಂದ್ರಕ್ಕೆ ಬರುತ್ತಾರೆ.

ಕಾನೂನು ನೆರವು ಎಂದರೆ ವಕೀಲರನ್ನು ಒದಗಿಸುವುದು ಎಂದು ತಿಳಿದವರಿಗೆ ಒಂದು ವಿಷಯ ಹೇಳಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯ ರಾಜಿ ಸಂಧಾನದಲ್ಲಿ ಯಾವ ಪಕ್ಷಕ್ಕೂ ವಕೀಲರು ಬರುವಂತಿರಲಿಲ್ಲ. ಉದ್ದೇಶ ಒಳ್ಳೆಯದೇ, ಇಬ್ಬರೂ ಸಮನಾಗಿರಲಿ ಎಂದು. ಆದರೆ ನಾನು ಕಂಡ ಎಷ್ಟೋ ಸಂಧಾನಗಳಲ್ಲಿ ಆ ಕಡೆ ಕುಳಿತ ಹೆಚ್‌ಆರ್ ಮ್ಯಾನೇಜರ್ ಎಲ್‌ಎಲ್‌ಬಿ ಓದಿದವರು. ಈ ಕಡೆ ಕಾಜಾ ಹೊಲಿಯುವ ಹೆಂಗಸು. ಹಾಗಾಗಿ ನಮ್ಮ ಮುಖ್ಯ ಕೆಲಸ ಭಾನುವಾರ ಮಧ್ಯಾಹ್ನ ನಡೆಯುತ್ತದೆ. ಸಂಧಾನವನ್ನು ನಾಟಕದಂತೆ ಆಡಿ ನೋಡುತ್ತೇವೆ, ಒಬ್ಬರು ಅಧಿಕಾರಿ, ಒಬ್ಬರು ಹೆಚ್‌ಆರ್, ಕೇಸಿನವರು ತಾವಾಗಿಯೇ. ಕೂಗಾಡಿದರೆ ಏನು ಮಾಡಬೇಕು, ಸುಮ್ಮನೆ ಸಹಿ ಹಾಕು ಎಂದರೆ ಏನು ಹೇಳಬೇಕು, "ಕನ್ನಡದಲ್ಲಿ ಬರೆದುಕೊಡಿ, ಓದಿ ಆಮೇಲೆ ಹಾಕುತ್ತೇನೆ" ಎಂಬ ಒಂದು ವಾಕ್ಯವನ್ನು ದನಿ ನಡುಗದೆ ಹೇಳುವುದು ಹೇಗೆ, ಇದರ ತಾಲೀಮು. ಹೆಚ್‌ಆರ್ ಪಾತ್ರ ಮಾಡುವವರಿಗೆ ಸಂಭಾಷಣೆ ಹೇಳಿಕೊಡಬೇಕಾಗಿಲ್ಲ. ಎಲ್ಲರಿಗೂ ಅದು ಬಾಯಿಪಾಠ.

2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಬದಲು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಹಲವು ಅಂಶಗಳಿಗೆ ನನ್ನ ತೀವ್ರ ವಿರೋಧವಿದೆ, ಮುಷ್ಕರ ಹೂಡುವುದನ್ನು ಬಿಗಿಮಾಡಿದ್ದಕ್ಕೆ ಮುಖ್ಯವಾಗಿ. ಆದರೆ ನಮ್ಮ ಮೇಜಿಗೆ ಉಪಯೋಗವಾಗುವ ಎರಡು ಸಂಗತಿಗಳು ವೇತನ ಸಂಹಿತೆಯಲ್ಲಿವೆ, ಅವುಗಳನ್ನು ಬಳಸದೆ ಬಿಟ್ಟರೆ ತಪ್ಪು ನಮ್ಮದು. ಹಿಂದೆ ಕನಿಷ್ಠ ವೇತನದ ಬಾಕಿಗೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕಿತ್ತು, ಈಗ ಮೂರು ವರ್ಷ ಕಾಲಾವಕಾಶವಿದೆ. ಸಂಬಳ ಕೊಟ್ಟಿದ್ದೇವೆ ಎಂದು ರುಜುವಾತು ಮಾಡುವ ಹೊಣೆ ಮಾಲೀಕರದ್ದು ಎಂದು ಬರೆದೇ ಇದೆ. ಪೇ ಸ್ಲಿಪ್ ಕಾಣದ ಹೌಸ್‌ಕೀಪಿಂಗ್ ಹೆಂಗಸರಿಗೆ ಇದು ದೊಡ್ಡ ಆಸರೆ.

ಅವಧಿ ಉದ್ದವಾದರೂ ವಾಯಿದೆ ನಡೆಯುವುದು ಕೆಲಸದ ದಿನದಲ್ಲೇ. ನನ್ನ ಬೇಡಿಕೆ ಇಷ್ಟು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯಂಥ ಕಡೆ ತಿಂಗಳಿಗೆ ಒಂದು ಭಾನುವಾರವಾದರೂ ವಿಚಾರಣೆ ನಡೆಯಲಿ. ಸಿಬ್ಬಂದಿಗೆ ಬದಲಿ ರಜೆ ಕೊಡಿ, ಅವರೂ ದುಡಿಯುವವರೇ. ರಾಷ್ಟ್ರೀಯ ಲೋಕ ಅದಾಲತ್ ಶನಿವಾರ ನಡೆಯುತ್ತದೆ, ಗಾರ್ಮೆಂಟ್ಸ್‌ಗೆ ಶನಿವಾರವೂ ಕೆಲಸದ ದಿನ ಎಂಬುದನ್ನು ದಿನಾಂಕ ಗೊತ್ತುಮಾಡುವವರು ಯೋಚಿಸಬೇಕು. ಕಚೇರಿಯ ಕಾರಣಕ್ಕೆ ವಾಯಿದೆ ಮುಂದೆ ಹೋದರೆ ಹಿಂದಿನ ಸಂಜೆಯೇ ಅವರ ಮೊಬೈಲಿಗೆ ಕನ್ನಡದಲ್ಲಿ ಒಂದು ಸಂದೇಶ ಬರಲಿ. ಕಾರ್ಮಿಕರು ಗೆದ್ದ ಕೇಸಿನಲ್ಲಿ ಅವರು ಬಂದುಹೋದ ದಿನಗಳ ಕೂಲಿಯನ್ನೂ ಲೆಕ್ಕ ಹಾಕಿ ಮಾಲೀಕರಿಂದ ಕೊಡಿಸಲಿ. ನಾವು ಈಗ ಪ್ರತಿ ಅರ್ಜಿಯಲ್ಲೂ ಇದನ್ನು ಬೇರೆ ಪ್ಯಾರಾ ಮಾಡಿ ಕೇಳುತ್ತಿದ್ದೇವೆ.

ಕಡೆಯದಾಗಿ ಒಂದು ಸಹಾಯ ಬೇಕಿದೆ. ಎರಡು ಮೂರು ವರ್ಷಗಳಿಂದ ಒಡಿಶಾ, ಜಾರ್ಖಂಡ್ ಕಡೆಯ ಹುಡುಗಿಯರು ಹೆಚ್ಚಾಗಿ ಬರುತ್ತಿದ್ದಾರೆ. ಹತ್ತೊಂಬತ್ತು, ಇಪ್ಪತ್ತರ ವಯಸ್ಸು, ಕಾರ್ಖಾನೆಯ ಹಾಸ್ಟೆಲಿನಲ್ಲಿ ವಾಸ, ರಾತ್ರಿ ಎಂಟಕ್ಕೆ ಗೇಟು ಮುಚ್ಚುತ್ತದೆ. ಭಾನುವಾರ ಸಂತೆಗೆ ಎಂದು ಬಿಡುವ ಎರಡು ಗಂಟೆಯಲ್ಲಿ ನಮ್ಮಲ್ಲಿಗೆ ಓಡಿ ಬರುತ್ತಾರೆ. ಕಳೆದ ವಾರ ಒಬ್ಬ ಹುಡುಗಿ ತನ್ನ ನೋಟ್‌ಬುಕ್ ತಂದಿದ್ದಳು. ಪ್ರತಿ ಪುಟದಲ್ಲಿ ದಿನಾಂಕ, ಗಂಟೆ, ಪಕ್ಕದಲ್ಲಿ ಎರಡು ಮೂರು ಸಾಲು ಒಡಿಯಾ ಬರಹ. ಅಂಕಿಗಳು ನಮಗೆ ಅರ್ಥವಾದವು, ಸಾಲುಗಳು ಅರ್ಥವಾಗಲಿಲ್ಲ. ಅವಳು ಹರಕು ಹಿಂದಿಯಲ್ಲಿ ಹೇಳಲು ನೋಡಿ, ಅಳು ಬಂದು ನಿಲ್ಲಿಸಿದಳು. ಅಷ್ಟರಲ್ಲಿ ಗೇಟಿನ ಹೊತ್ತಾಯಿತು. ನೋಟ್‌ಬುಕ್ ನಮ್ಮ ಬಳಿಯೇ ಬಿಟ್ಟುಹೋಗಿದ್ದಾಳೆ. ಬೆಂಗಳೂರಿನಲ್ಲಿ ಒಡಿಯಾ ಓದಲು ಬರುವವರು, ಹೆಂಗಸರಾದರೆ ಉತ್ತಮ, ಈ ಭಾನುವಾರ ಮಧ್ಯಾಹ್ನ ಎರಡು ಗಂಟೆ ಬಿಡುವು ಮಾಡಿಕೊಂಡು ಬರಲು ಸಾಧ್ಯವಾದರೆ ನನಗೆ ಸಂದೇಶ ಕಳುಹಿಸಿ. ಅವಳು ಮೂರು ಗಂಟೆಗೆ ಬರುತ್ತೇನೆ ಎಂದಿದ್ದಾಳೆ.