ಪಾಚಿ ಪೆಟ್ರೋಲ್ ದಾರೀಲಿದೆ, ಸ್ವಲ್ಪ ಟ್ರಾಫಿಕ್ಕು ಅಷ್ಟೇ

ಪಾಚಿಯಿಂದ ಡೀಸೆಲ್ ತೆಗೀತೀವಿ ಅಂತ ಅಮೆರಿಕ ಸರ್ಕಾರ 1978ರಲ್ಲಿ ಹೊರಟು, ಸುಮಾರು ಎರಡೂವರೆ ಕೋಟಿ ಡಾಲರ್ ಸುರಿದು, 1996ರಲ್ಲಿ ಇದು ಸದ್ಯಕ್ಕೆ ಗಿಟ್ಟೋ ಬಾಬತ್ತಲ್ಲ ಅಂತ ಬಾಗಿಲು ಹಾಕ್ತು. ಅಲ್ಲಿಗೆ ಮುಗೀತಾ? ಎಲ್ಲಿಂದ!

2009ರಲ್ಲಿ ತೈಲ ಕಂಪನಿ ಎಕ್ಸಾನ್‌ಮೊಬಿಲ್ ಬಂತು, ಜೀನ್ ವಿಜ್ಞಾನಿ ಕ್ರೇಗ್ ವೆಂಟರ್ ಅವರ ಕಂಪನಿ ಜೊತೆ ಸೇರಿ 60 ಕೋಟಿ ಡಾಲರ್ ಪ್ಲಾನು ಅನೌನ್ಸ್ ಮಾಡ್ತು. 2013ರಲ್ಲಿ ಆಗಿನ ಬಾಸ್ ರೆಕ್ಸ್ ಟಿಲ್ಲರ್‌ಸನ್ ಟೀವೀಲಿ ಕೂತು, ಇದಕ್ಕಿನ್ನೂ 25 ವರ್ಷಕ್ಕಿಂತ ಜಾಸ್ತಿನೇ ಬೇಕಾಗ್ಬಹುದು ಅಂದ್ಬಿಟ್ರು. ಈ ಸುದ್ದಿ ಜಾಹೀರಾತು ಡಿಪಾರ್ಟ್‌ಮೆಂಟಿಗೆ ತಲುಪಲೇ ಇಲ್ಲ ಅನ್ಸುತ್ತೆ, ಆಮೇಲೂ ವರ್ಷಗಟ್ಟಲೆ ಪಾಚಿ ಇಂಧನ ಬಂತು ಅನ್ನೋ ಹಸಿರು ನೀರಿನ ಆ್ಯಡು. 2018ರ ಟಾರ್ಗೆಟ್ ಇನ್ನೂ ಮಜಾ: 2025ಕ್ಕೆ ದಿನಕ್ಕೆ 10,000 ಬ್ಯಾರೆಲ್, ಅದೂ ತಯಾರಿಸ್ತೀವಿ ಅಂತಲ್ಲ ಸ್ವಾಮಿ, ತಯಾರಿಸೋ ತಾಂತ್ರಿಕ ಸಾಮರ್ಥ್ಯ ಬರಬಹುದು ಅಂತ! ಬಂದಿದ್ರೂ ಅವರ ರಿಫೈನರಿಗಳ ಕೆಪ್ಯಾಸಿಟೀಲಿ 0.2 ಪರ್ಸೆಂಟ್ ಆಗ್ತಿತ್ತು. 2023ರಲ್ಲಿ, ಎಕ್ಸಾನ್‌ನವ್ರು ಪಾಚಿಗೆ ದುಡ್ಡು ಕೊಡೋದು ನಿಲ್ಸಿದಾರೆ ಅಂತ ಸುದ್ದಿ ಬಂತು, ಅದಕ್ಕೆ ಮಾತ್ರ ಆ್ಯಡ್ ಬರ್ಲಿಲ್ಲ.

ಪಾಪ, ಪಾಚಿದೇನು ತಪ್ಪು. ನೈಟ್ರೋಜನ್ ಕೊಡದೆ ಉಪವಾಸ ಕೆಡವಿದ್ರೆ ಮೈಯಲ್ಲಿ ಎಣ್ಣೆ ತುಂಬ್ಕೊಳುತ್ತೆ ಆದ್ರೆ ಬೆಳೆಯಲ್ಲ, ಹೊಟ್ಟೆ ತುಂಬ ಹಾಕಿದ್ರೆ ದಂಡಿಯಾಗಿ ಬೆಳೆಯುತ್ತೆ ಆದ್ರೆ ಎಣ್ಣೆ ಇರಲ್ಲ. ಬೆಳೆದದ್ದೂ ತೆರೆದ ಕೊಳದಲ್ಲಿ ಲೀಟರ್ ನೀರಿಗೆ ಒಂದು ಗ್ರಾಂ ಸಿಕ್ಕೋದೂ ಕಷ್ಟ, ಉಳಿದಿದ್ದೆಲ್ಲ ನೀರೇ, ಆ ನೀರು ಹಿಂಡಿ ಒಣಗಿಸೋಕೆ ಕರೆಂಟ್ ಸುಡ್ಬೇಕು. ಅಂದ್ರೆ ಇಂಧನ ಹುಟ್ಟಿಸೋಕೆ ಇಂಧನ.

ಇಂಧನ ಆಗ್ಲಿಲ್ವಾ, ತಿನ್ನಿಸೋಣ! ಸೋಲಾಜೈಮ್ ಅಂತ ಒಂದು ಕಂಪನಿ ಅಮೆರಿಕದ ನೌಕಾಪಡೆಗೆ ಗ್ಯಾಲನ್‌ಗೆ 400 ಡಾಲರ್ ಮೇಲೆ ಬೀಳೋ ಪಾಚಿ ಇಂಧನ ಮಾಡ್ಕೊಡ್ತು, ಆಮೇಲೆ ಮುಖಕ್ಕೆ ಹಚ್ಚೋ ಕ್ರೀಮು, ಆಮೇಲೆ ಪಾಚಿ ಹಿಟ್ಟು, 2016ರಲ್ಲಿ ಹೆಸರನ್ನೇ ಟೆರಾವಿಯಾ ಅಂತ ಬದಲಾಯಿಸ್ಕೊಂಡು 2017ರಲ್ಲಿ ದಿವಾಳಿ.

ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವ್ರು ಸ್ಪಿರುಲಿನಾ ಅನ್ನೋ ನೀಲಿ-ಹಸಿರು ಪಾಚೀನ ಚಿಕ್ಕಿಗೆ ಬೆರೆಸಿ ಸುಮ್ನಾದ್ರು, ಮರ್ಯಾದಸ್ಥರು. ಆದ್ರೆ ಮಾತ್ರೆ ಡಬ್ಬಿ ಮಾರೋರು ಬಿಡ್ತಾರಾ? 60 ಪರ್ಸೆಂಟ್ ಪ್ರೋಟೀನ್ ಅಂತ ದಪ್ಪಕ್ಷರ, ಸುಳ್ಳೇನಲ್ಲ. ನೀವು ನುಂಗೋದು ಎರಡು ಗ್ರಾಂ, ಸಿಗೋದು 1.2 ಗ್ರಾಂ ಪ್ರೋಟೀನು. ಜೊತೆಗೆ ವಿಟಮಿನ್ ಬಿ12 ಅಂತಾರೆ, ಅದ್ರಲ್ಲಿ ಬಹುಪಾಲು ನಮ್ಮ ದೇಹಕ್ಕೆ ಕೆಲ್ಸಕ್ಕೆ ಬಾರದ ನಕಲಿ ರೂಪ. ಒಂದು ಕೋಳಿಮೊಟ್ಟೇಲಿ 6 ಗ್ರಾಂ ಪ್ರೋಟೀನು, ಅಸಲಿ ಬಿ12 ಎರಡೂ ಇದೆ, ಆದ್ರೆ ಅದನ್ನ ಸ್ಕೂಲ್ ಮಕ್ಕಳ ತಟ್ಟೆಗೆ ಹಾಕೋಣ ಅಂದ್ರೆ ನಮ್ಮಲ್ಲಿ ಧರಣಿ ಶುರುವಾಗುತ್ತೆ.