ಖೇದವಿಲ್ಲದ ರುಕಾವಟ್

2023ರ ಸೆಪ್ಟೆಂಬರ್. ಕಾವೇರಿ ಗಲಾಟೆ ಜೋರಾಗಿತ್ತು. ರಾತ್ರಿ ಎಂಟೂವರೆಗೆ ಅಪ್ಪ ಮುದ್ದೆ, ಬಸ್ಸಾರು ಬಡಿಸಿಕೊಂಡು ಟಿವಿ ಮುಂದೆ ಕೂತಿದ್ದರು. ಪರದೆಯ ಕೆಳಗೆ ಕೆಂಪು ಪಟ್ಟಿಯಲ್ಲಿ ಒಂದು ಸಾಲು ಓಡಿತು. 'ತಮಿಳುನಾಡಿಗೆ ನಿತ್ಯ 5 ಸಾವಿರ ಟಿಎಂಸಿ ನೀರು ಬಿಡಲು ಆದೇಶ.' ಅಪ್ಪ ಮುರಿದ ಮುದ್ದೆಯನ್ನು ಹಾಗೇ ತಟ್ಟೆಗೆ ಬಿಟ್ಟರು.

ನಮ್ಮಪ್ಪ ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷ ಇದ್ದವರು. ಗೊರೂರು ಡ್ಯಾಮ್ ತುಂಬೋದು 2922 ಅಡಿಗೆ ಅನ್ನೋದು ಅವರಿಗೆ ನಾನು ಹುಟ್ಟಿದ ತಾರೀಖಿಗಿಂತ ಚೆನ್ನಾಗಿ ನೆನಪಿದೆ. ಅಂಥವರ ಊಟದ ಹೊತ್ತಿನಲ್ಲಿ ಈ ಅನಾಹುತ.

ಆದೇಶ ಇದ್ದದ್ದು 5 ಸಾವಿರ ಕ್ಯೂಸೆಕ್. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಅದು ಹರಿಯೋ ನೀರಿನ ಲೆಕ್ಕ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. 11,574 ಕ್ಯೂಸೆಕ್ ನೀರು ಪೂರ್ತಿ ಒಂದು ದಿನ ಹರಿದರೆ ಒಂದು ಟಿಎಂಸಿ ಆಗುತ್ತದೆ. ಅಂದರೆ ಆದೇಶದ ಪ್ರಕಾರ ದಿನಕ್ಕೆ ಅರ್ಧ ಟಿಎಂಸಿಯೂ ಹೋಗುತ್ತಿರಲಿಲ್ಲ. ಈಗ ಚಾನೆಲ್ಲಿನವರ ಲೆಕ್ಕಕ್ಕೆ ಬನ್ನಿ. ಕೆಆರ್‌ಎಸ್ 124.80 ಅಡಿ ತುಂಬಿ ನಿಂತರೂ ಅದರಲ್ಲಿ ಹಿಡಿಯೋದು 49 ಟಿಎಂಸಿ ಚಿಲ್ಲರೆ. ಇಡೀ ಕಾವೇರಿ ಕೊಳ್ಳದಲ್ಲಿ ವರ್ಷಕ್ಕೆ ಸಿಗೋ ನೀರು 740 ಟಿಎಂಸಿ ಅಂತ ನ್ಯಾಯಮಂಡಳಿ ಲೆಕ್ಕ ಹಾಕಿದೆ. ದಿನಕ್ಕೆ 5 ಸಾವಿರ ಟಿಎಂಸಿ ಬಿಡಬೇಕಾದರೆ ದಿನಾ ಬೆಳಿಗ್ಗೆ ನೂರು ಕೆಆರ್‌ಎಸ್ ತುಂಬಿಸಿ ಸಂಜೆಗೆ ಖಾಲಿ ಮಾಡಬೇಕು, ಇಲ್ಲವೇ ಸುಮಾರು ಏಳು ವರ್ಷದ ಕಾವೇರಿಯನ್ನು ಒಂದೇ ದಿನದಲ್ಲಿ ಸುರಿಯಬೇಕು, ಆಮೇಲೆ ತಮಿಳುನಾಡು ನೀರು ಬೇಕು ಅಂತಲ್ಲ, ದೋಣಿ ಬೇಕು ಅಂತ ಸುಪ್ರೀಂ ಕೋರ್ಟಿಗೆ ಹೋಗಬೇಕು.

"ನೋಡ್ಲಾ, ಏನ್ ಹಾಕವ್ರೆ" ಅಂದರು ಅಪ್ಪ. ನೋಡಿದೆ. ಪಟ್ಟಿ ಮತ್ತೆ ಬಂತು. ಮತ್ತೆ ಬಂತು. ಹತ್ತು ನಿಮಿಷದಲ್ಲಿ ಏಳೆಂಟು ಸಲ ಬಂತು. ಅದೇ ಸ್ಟುಡಿಯೋದಲ್ಲಿ ನಿರೂಪಕಿ ಇದ್ದರು, ನಾಲ್ವರು ಚರ್ಚೆಗೆ ಕೂತಿದ್ದರು, ಒಳಗೆ ಪ್ಯಾನೆಲ್ ಮುಂದೆ ನಾಲ್ಕೈದು ಜನ ಇದ್ದೇ ಇರುತ್ತಾರೆ. ಒಬ್ಬರಿಗೂ ಅನುಮಾನ ಬರಲಿಲ್ಲ. ಅಪ್ಪ ಎಡಗೈಯಲ್ಲಿ ಫೋನ್ ತೆಗೆದುಕೊಂಡರು. ಪರದೆಯ ಮೂಲೆಯಲ್ಲಿ ಚಾನೆಲ್ಲಿನ ನಂಬರ್ ಇತ್ತು. ಆಮೇಲೆ ಏನಾಯಿತು ಅನ್ನೋದನ್ನು ಕೊನೆಯಲ್ಲಿ ಹೇಳುತ್ತೇನೆ, ಚಾನೆಲ್ಲಿನವರು 'ಬ್ರೇಕ್ ನಂತರ' ಅನ್ನೋ ಹಾಗೆ. ನಾನು ಹೇಳಿದರೆ ಹೇಳುತ್ತೇನೆ, ಅಷ್ಟೇ ವ್ಯತ್ಯಾಸ.

ನಮ್ಮೂರು ಹಾಸನ. ಟಿವಿಯಲ್ಲಿ ಅದು 'ಆಸನ'. ನಮ್ಮ ಕಡೆ ಆಡುಮಾತಿನಲ್ಲಿ ಹ ಬಿಟ್ಟುಹೋಗೋದು ಸಹಜ. ನಮ್ಮಜ್ಜಿ 'ಆಲು ಕಾಯ್ಸು, ಅಳ್ಳಿಗೆ ಓಗ್ಬೇಕು' ಅಂತಲೇ ಬಾಳು ಕಳೆದರು, ಅದು ಕೇಳೋಕೆ ಚೆಂದ, ಅದನ್ನು ಆಡಿಕೊಳ್ಳುವವನು ನಾನಲ್ಲ. ಆದರೆ ಅಜ್ಜಿ ಎಲ್ಲಾ ಕಡೆ ಬಿಡುತ್ತಿದ್ದರು, ಒಂದು ಪದ್ಧತಿ ಇತ್ತು. ಇವರು 'ಆಸನ'ದಲ್ಲಿ ಬಿಟ್ಟ ಹ ತಗೊಂಡು ಹೋಗಿ 'ಹಧಿಕಾರಿ'ಗೆ, 'ಹಾದಾಯ ತೆರಿಗೆ'ಗೆ ಹಚ್ಚುತ್ತಾರೆ. ಒಂದು ಸಲ 'ಆಸನದಲ್ಲಿ ಕಾಡಾನೆ' ಅಂತ ಸುದ್ದಿ ಬಂತು. ಸಕಲೇಶಪುರ, ಆಲೂರು, ಬೇಲೂರು ಕಡೆಯವರಿಗೆ ಕಾಡಾನೆ ತಮಾಷೆಯಲ್ಲ, ಕಾಫಿ ತೋಟದ ಕೆಲಸಕ್ಕೆ ಹೋದವರು ವಾಪಸ್ ಬರದ ದಿನಗಳಿವೆ. ನಾವೆಲ್ಲ ಗಾಬರಿಯಲ್ಲಿ ನೋಡಿದರೆ, ಪರದೆಯ ಮೇಲೆ ರೋಷದಿಂದ ಬರುತ್ತಿದ್ದ ಕಾಡಾನೆಯ ಕತ್ತಿನ ಮೇಲೆ ಮಾವುತ ಆರಾಮಾಗಿ ಕೂತಿದ್ದಾನೆ. ಅದು ಯಾವಾಗಲೋ ಆನೆ ಹಿಡಿಯೋಕೆ ಬಂದಿದ್ದ ಸಾಕಾನೆಯ ಹಳೆ ವಿಡಿಯೋ. ಮೂಲೆಯಲ್ಲಿ 'ಫೈಲ್ ದೃಶ್ಯ' ಅಂತ ಹಾಕೋಕೆ ಎಷ್ಟು ಹೊತ್ತು ಬೇಕು? ಹಾಕಲಿಲ್ಲ. ಅದರ ಬದಲು ಆನೆಯ ಸುತ್ತ ಕೆಂಪು ವೃತ್ತ ಎಳೆದರು, ಬಾಣದ ಗುರುತನ್ನೂ ಹಾಕಿದರು. ಇಡೀ ಪರದೆ ತುಂಬ ಇರೋ ಆನೆ ನಮಗೆ ಕಾಣದೇ ಹೋದೀತು ಅಂತ.

ಅಕ್ಷರದ ಕಥೆ ಬೇರೆ. ಮೊದಲೆಲ್ಲ ಗ್ರಾಫಿಕ್ಸ್ ಯಂತ್ರಕ್ಕೆ ಕನ್ನಡದ ಒತ್ತಕ್ಷರ ಗೊತ್ತಿರಲಿಲ್ಲ ಅನ್ನೋ ನೆಪ ಇತ್ತು, ಅದು ನಿಜವೂ ಹೌದು. ಇಂಗ್ಲಿಷಿಗೆ ಅಂತ ಮಾಡಿದ ಸಾಫ್ಟ್‌ವೇರಿಗೆ ಕನ್ನಡ ಕೊಟ್ಟರೆ ಅದು ಒತ್ತನ್ನು ಕೆಳಗಿಳಿಸೋ ಬದಲು ಪಕ್ಕದಲ್ಲಿ ನಿಲ್ಲಿಸುತ್ತದೆ, 'ಮುಖ್‌ಯಮಂತ್‌ರಿ' ಆಗುತ್ತದೆ. ಹಳೇ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು ಜಾಗ ತಪ್ಪಿ ಕರ್ನಾಟಕ 'ಕನಾರ್ಟಕ' ಆಗುತ್ತದೆ. ಸರಿ, ಯಂತ್ರದ ತಪ್ಪು, ಒಪ್ಪೋಣ. ಆದರೆ ಧ ಬದಲು ದ ಒತ್ತಿದ್ದು ಯಂತ್ರ ಅಲ್ಲವಲ್ಲ! 'ನೆರೆ ಸಂತ್ರಸ್ತರಿಗೆ ಪರಿಹಾರ ದನ ವಿತರಣೆ' ಅಂತ ಬಂದಾಗ ಅಮ್ಮ ಅಡುಗೆಮನೆ ಬಾಗಿಲಿಗೆ ಬಂದು, "ಹಸು ಕೊಡ್ತಾರಂತಾ, ಎಮ್ಮೆ ಕೊಡ್ತಾರಂತಾ?" ಅಂತ ಕೇಳಿದರು. ಇನ್ನೊಂದು ದಿನ 'ಇಬ್ಬರು ಶಾಸಕರ ಮದ್ಯೆ ಮಾತಿನ ಚಕಮಕಿ'. ನಾನು ನಕ್ಕೆ. ಅಪ್ಪ ನಗಲಿಲ್ಲ. "ಅದು ಸರಿಯಾಗೇ ಇರಬಹುದು ಬಿಡು" ಅಂದರು.

ಇನ್ನು ಆ ಲೈವ್ ವರದಿ. 'ಮಳೆ ಬರುತ್ತಿದೆ' ಅನ್ನೋದು ಎರಡು ಪದ. ಆದರೆ ಕೈಗೆ ಮೈಕು ಬಂದ ಕೂಡಲೇ ಅದು ಹೀಗಾಗುತ್ತದೆ: 'ಇಲ್ಲಿ ನಾವು ನೋಡ್ತಾ ಇರುವಂತಹದ್ದು ಏನಪ್ಪಾ ಅಂತಂದ್ರೆ, ಮಳೆ ಅನ್ನುವಂತಹದ್ದು ಬಿಟ್ಟೂ ಬಿಡದೆ ಸುರಿಯುವಂತಹ ಕೆಲಸವನ್ನ ಮಾಡ್ತಾ ಇರುವಂತಹದ್ದು.' ಮಳೆ ಸುರಿಯೋದಿಲ್ಲ, ಸುರಿಯುವ ಕೆಲಸ ಮಾಡುತ್ತದೆ. ಪೊಲೀಸರು ಬರೋದಿಲ್ಲ, ಬರುವಂತಹ ಕೆಲಸವನ್ನ ಮಾಡುತ್ತಾರೆ. ಇಷ್ಟೊಂದು ಕೆಲಸ ನಡೆಯೋ ರಾಜ್ಯದಲ್ಲಿ ನಿರುದ್ಯೋಗ ಯಾಕಿದೆಯೋ ಗೊತ್ತಿಲ್ಲ. ಜೊತೆಗೆ 'ಮಕ್ಕಳು ಆಗಿರಬಹುದು, ಮಹಿಳೆಯರು ಆಗಿರಬಹುದು, ವೃದ್ಧರು ಆಗಿರಬಹುದು'. ಸ್ವಾಮಿ, ನೀವು ಅವರ ಎದುರೇ ನಿಂತಿದ್ದೀರಿ, ತಿರುಗಿ ನೋಡಿ ಹೇಳಿ, ಆಗಿದ್ದಾರಾ ಇಲ್ವಾ?

ಪಾಪ, ಆ ಹುಡುಗನನ್ನು ಬೈದು ಪ್ರಯೋಜನವೂ ಇಲ್ಲ. ಅವನ ಹತ್ತಿರ ಇರೋದು ಒಂದು ಸಾಲಿನ ಸುದ್ದಿ. ಸ್ಟುಡಿಯೋದವರಿಗೆ ನಾಲ್ಕು ನಿಮಿಷ ತುಂಬಬೇಕು. ನಿರೂಪಕಿ ಪ್ರಶ್ನೆ ಕೇಳುವಾಗಲೇ ಆ ಸಾಲನ್ನೂ ಹೇಳಿಬಿಟ್ಟಿರುತ್ತಾಳೆ. ಇವನು ಕಿವಿಗೆ ಬೆರಳೊತ್ತಿಕೊಂಡು, ಮಾತು ಬಂದು ಮುಟ್ಟೋವರೆಗೆ ನಮ್ಮ ಕಡೆ ಪಿಳಿಪಿಳಿ ನೋಡಿ, 'ಖಂಡಿತವಾಗಿಯೂ, ನೀವು ಹೇಳಿದ ಹಾಗೆ' ಅಂತ ಶುರು ಮಾಡುತ್ತಾನೆ. ಅವಳು ಹೇಳಿದ್ದನ್ನೇ ಇವನು ಹೇಳುತ್ತಾನೆ. ಇವನು ಹೇಳಿದ್ದನ್ನು ಅವಳು 'ಥ್ಯಾಂಕ್ ಯೂ ಫಾರ್ ದಿ ಇನ್ಫರ್ಮೇಶನ್' ಅಂತ ವಾಪಸ್ ತಗೊಳ್ಳುತ್ತಾಳೆ. ಮದುವೆ ಮನೆಯಲ್ಲಿ ಒಂದೇ ಕವರ್ ಹತ್ತು ಕೈ ಸುತ್ತಿ ಕೊಟ್ಟವನ ಜೇಬಿಗೇ ಬಂದ ಹಾಗೆ.

2023ರ ಮೇ 13, ವಿಧಾನಸಭೆ ಮತ ಎಣಿಕೆ. ಬೆಳಿಗ್ಗೆ 8ಕ್ಕೆ ಮೊದಲು ತೆಗೆಯೋದು ಅಂಚೆ ಮತ, ಯಂತ್ರ ತೆರೆಯೋದು ಅದಾಗಿ ಅರ್ಧ ಗಂಟೆಗೆ. ನಮ್ಮ ಚಾನೆಲ್ಲುಗಳಲ್ಲಿ 8 ಗಂಟೆ 1 ನಿಮಿಷಕ್ಕೇ ಮುನ್ನಡೆ, ಹಿನ್ನಡೆ, 'ಘಟಾನುಘಟಿಗಳಿಗೆ ಬಿಗ್ ಶಾಕ್'. ಯಾರು ಎಣಿಸಿದರು, ಎಲ್ಲಿ ಎಣಿಸಿದರು? ಮಧ್ಯಾಹ್ನದ ಒಳಗೆ ಒಂದು ಪರದೆಯ ಮೇಲಿನ ಪಕ್ಷಗಳನ್ನೆಲ್ಲ ಸುಮ್ನೆ ಕೂಡಿ ನೋಡಿದೆ, ರಾಜ್ಯದಲ್ಲಿರೋ ಕ್ಷೇತ್ರವೇ 224, ಅದನ್ನೂ ದಾಟಿತ್ತು. ಇಲ್ಲದ ಕ್ಷೇತ್ರಗಳನ್ನು ಯಾರೋ ಗೆದ್ದಿದ್ದರು.

ತಪ್ಪು ಹಿಂದೆ ಆಗುತ್ತಿರಲಿಲ್ಲವಾ? ಆಗುತ್ತಿತ್ತು. ದೂರದರ್ಶನ ಒಂದೇ ಇದ್ದ ಕಾಲದಲ್ಲಿ ಚಿತ್ರ ಮಾಯವಾಗಿ ಚುಕ್ಕಿ ಬರೋದು, ವಾರ್ತೆ ಓದುವವರ ಬಾಯಿ ಆಡುತ್ತಿದ್ದರೂ ದನಿ ಬರದೇ ಇರೋದು ಎಲ್ಲಾ ಇತ್ತು. ಆಗ ಪರದೆ ಮೇಲೆ ಒಂದು ಹಲಗೆ ಬರುತ್ತಿತ್ತು, 'ರುಕಾವಟ್ ಕೇ ಲಿಯೇ ಖೇದ್ ಹೈ', ಅಂದರೆ ಅಡಚಣೆಗೆ ವಿಷಾದಿಸುತ್ತೇವೆ ಅಂತ. ನನಗೆ ಮೊದಲು ಬಂದ ಹಿಂದಿ ವಾಕ್ಯವೇ ಅದು. ಮನೆಮಂದಿಯೆಲ್ಲ ಬೈಯುತ್ತಿದ್ದೆವು, ಒಬ್ಬರು ಮಹಡಿ ಹತ್ತಿ ಆಂಟೆನಾ ತಿರುಗಿಸುತ್ತಿದ್ದರು, ಆದರೂ ದಿಲ್ಲಿಯಲ್ಲಿ ಯಾರೋ ಒಬ್ಬರಿಗೆ ನಮ್ಮ ವಿಷಯದಲ್ಲಿ ಖೇದ ಆಗಿದೆ ಅನ್ನೋದೇ ಒಂಥರಾ ಸಮಾಧಾನ. ಈಗ ರುಕಾವಟ್ ಇಲ್ಲ, 24 ಗಂಟೆ ಒಂದೇ ಸಮನೆ ಹರಿಯುತ್ತದೆ. ಖೇದದ ಹಲಗೆ ಮಾತ್ರ ಯಾವ ಗೋಡೌನಿನಲ್ಲಿದೆಯೋ.

2016ರ ನೋಟು ರದ್ದತಿ ನೆನಪಿದೆಯಲ್ಲ? ಹೊಸ 2000 ರೂಪಾಯಿ ನೋಟಿನಲ್ಲಿ ಚಿಪ್ ಇದೆ, ನೆಲದೊಳಗೆ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಅಂತ ವಾಟ್ಸಾಪಿನಲ್ಲಿ ಬಂದದ್ದು ಹಿಂದಿ ಚಾನೆಲ್ಲುಗಳಲ್ಲೂ ಬಂತು, ನಮ್ಮವರೂ ಬಿಡಲಿಲ್ಲ. ನಮ್ಮ ಬೀದಿಯ ಅಂಗಡಿಯವರು ಎರಡು ದಿನ ಆ ನೋಟನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದರು. 2023ರ ಮೇ 19ಕ್ಕೆ ರಿಸರ್ವ್ ಬ್ಯಾಂಕ್ ಆ ನೋಟನ್ನೇ ವಾಪಸ್ ತಗೊಳ್ಳುವುದಾಗಿ ಹೇಳಿತು. ಚಿಪ್ ಸುದ್ದಿಯನ್ನು ವಾಪಸ್ ತಗೊಂಡವರನ್ನು ನಾನು ಇವತ್ತಿನವರೆಗೂ ನೋಡಿಲ್ಲ.

ಇದನ್ನೆಲ್ಲ ಹೇಳಿದರೆ ಆ ಲೋಕದಲ್ಲಿರೋ ಗೆಳೆಯನೊಬ್ಬ, "ಟಿಆರ್‌ಪಿ ಮಾರಾಯ, ಗುರುವಾರ ಬಂದರೆ ಜೀವ ಹೋಗುತ್ತೆ" ಅನ್ನುತ್ತಾನೆ. ಟಿಆರ್‌ಪಿ ಅಂದರೆ ಯಾವ ಚಾನೆಲ್ಲನ್ನು ಎಷ್ಟು ಜನ ನೋಡಿದರು ಅನ್ನೋ ವಾರದ ಅಂಕ. ಇದ್ದೀತು. ದೇಶದಲ್ಲಿ ಸುಮಾರು 21 ಕೋಟಿ ಟಿವಿ ಮನೆಗಳಿದ್ದರೆ 2020ರ ಹೊತ್ತಿಗೆ ಅದನ್ನು ಅಳೆಯೋ ಮೀಟರ್ ಇದ್ದದ್ದು 44 ಸಾವಿರ ಮನೆಯಲ್ಲಿ. ನಮ್ಮನೆಯಲ್ಲಿ ಇಲ್ಲ. ಅಪ್ಪ ಸಿಟ್ಟಿನಿಂದ ಚಾನೆಲ್ ಬದಲಿಸಿದರೆ ಅದು ಯಾರ ಗಮನಕ್ಕೂ ಬರೋದಿಲ್ಲ, ರಿಮೋಟಿನ ಸೆಲ್ ಖರ್ಚು ಅಷ್ಟೇ. ಆದರೆ ಮುಂಬೈನಲ್ಲಿ ಟಿಆರ್‌ಪಿ ಹಗರಣ ಆದ ಮೇಲೆ 2020ರ ಅಕ್ಟೋಬರಿನಿಂದ 2022ರ ಮಾರ್ಚ್‌ವರೆಗೆ ಸುದ್ದಿ ಚಾನೆಲ್ಲುಗಳ ರೇಟಿಂಗೇ ಬರಲಿಲ್ಲ. ಹತ್ತಿರ ಹತ್ತಿರ ಒಂದೂವರೆ ವರ್ಷ ಅಂಕವೂ ಇಲ್ಲ, ಪರೀಕ್ಷೆಯೂ ಇಲ್ಲ. ಆಗಲಾದರೂ ಸ್ವಲ್ಪ ಮೆತ್ತಗೆ ಮಾತಾಡಿದರಾ? ಇಲ್ಲ. ಅದೇ ಕೂಗು, ಅದೇ ಢಣ್ ಢಣ್. ಅಭ್ಯಾಸ ಆಗಿಹೋಗಿತ್ತು.

ಸರಿ, ಅಪ್ಪನ ಫೋನ್.

"ಹೇಳಿ ಸರ್, ಎಲ್ಲಿಂದ?" ಅಂತು ಆ ಕಡೆಯ ದನಿ. ಹಾಸನದಿಂದ ಅಂದರು. "ರೈತರಾ ಸರ್?" "ಅರ್ಧ ಎಕರೆ ತೆಂಗಿದೆ, ಆದರೆ ವಿಷಯ ಅದಲ್ಲ—" "ಲೈನಲ್ಲಿರಿ ಸರ್."

ಅಪ್ಪ ಲೈನಲ್ಲಿದ್ದರು. ಎರಡು ನಿಮಿಷಕ್ಕೆ ಟಿವಿಯೊಳಗಿನ ನಿರೂಪಕಿಯೇ, "ನಮ್ಮ ಜೊತೆ ಆಸನದಿಂದ ರೈತರೊಬ್ಬರು ನೇರ ಸಂಪರ್ಕದಲ್ಲಿದ್ದಾರೆ, ಹೇಳಿ ಸರ್, ಏನು ನಿಮ್ಮ ಆಕ್ರೋಶ?" ಅಂದಳು. ಅಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಆಕ್ರೋಶ ಏನಿಲ್ಲಮ್ಮ, ಅದು ಟಿಎಂಸಿ ಅಲ್ಲ, ಕ್ಯೂಸೆಕ್" ಅಂದರು ಅಪ್ಪ. ನಾಲ್ಕು ಸೆಕೆಂಡಿಗೆ ಟಿವಿಯಿಂದ ಅವರದೇ ದನಿ, 'ಆಕ್ರೋಶ ಏನಿಲ್ಲಮ್ಮ' ಅಂತ ವಾಪಸ್ ಬಂತು. ಅದಕ್ಕೆ ಅಪ್ಪನೇ "ಹಾಂ?" ಅಂದರು. "ಸರ್, ಟಿವಿ ವಾಲ್ಯೂಮ್ ಕಮ್ಮಿ ಮಾಡಿ ಸರ್." ರಿಮೋಟ್ ಅಪ್ಪನ ತೊಡೆ ಕೆಳಗೇ ಇತ್ತು, ನಾವು ಮೂರು ಜನ ಮನೆಯಿಡೀ ಹುಡುಕುತ್ತಿದ್ದೆವು. ಕೊನೆಗೆ ಅಪ್ಪ ತಾಳ್ಮೆ ಕಳೆದುಕೊಂಡು ಒಂಚೂರು ಜೋರಾಗೇ ಕೇಳಿದರು, "5 ಸಾವಿರ ಟಿಎಂಸಿ ಬಿಡೋಕಾಯ್ತದಾ? ಅಷ್ಟು ನೀರು ಎಲ್ಲೈತಮ್ಮ?"

ಆಯಮ್ಮನಿಗೆ ಬೇಕಾದ್ದು ಸಿಕ್ಕಿತು. "ಕೇಳಿದ್ರಲ್ಲ ವೀಕ್ಷಕರೇ, ಅಷ್ಟು ನೀರು ಎಲ್ಲಿದೆ ಅನ್ನುವಂತಹ ಪ್ರಶ್ನೆಯನ್ನ ನಮ್ಮ ರೈತರು ಎತ್ತುವಂತಹ ಕೆಲಸವನ್ನ ಮಾಡಿದ್ದಾರೆ!" ಕೆಳಗೆ ಹೊಸ ಪಟ್ಟಿ ಓಡಿತು. '5 ಸಾವಿರ ಟಿಎಂಸಿಗೆ ಆಸನದ ರೈತ ಗರಂ.' ಪಕ್ಕದ ಚೌಕದಲ್ಲಿ ಒಂದು ಫೋಟೋ. ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಬಿರುಕು ಬಿಟ್ಟ ಗದ್ದೆಯಲ್ಲಿ ಕುಕ್ಕರಗಾಲಲ್ಲಿ ಕೂತು ಆಕಾಶ ನೋಡುತ್ತಿರುವ ಯಾರೋ ಪುಣ್ಯಾತ್ಮ. 'ರೈತರ ಸಂಪರ್ಕ ಕಡಿತಗೊಂಡಿದೆ, ಮತ್ತೆ ಸಂಪರ್ಕಿಸುವ ಪ್ರಯತ್ನ ಮಾಡೋಣ' ಅಂದರು. ಅಪ್ಪ ಇನ್ನೂ "ಹಲೋ, ಹಲೋ, ಕ್ಯೂಸೆಕ್" ಅನ್ನುತ್ತಲೇ ಇದ್ದರು.

ಫೋನ್ ಇಡೋದೇ ತಡ, ಅರಸೀಕೆರೆಯಿಂದ ಚಿಕ್ಕಮ್ಮನ ಕರೆ ಬಂತು.

"ಭಾವ, ಟಿವೀಲಿ ಏನ್ ಚೆನ್ನಾಗಿ ಬೈದ್ರಿ!"

"ಬೈಲಿಲ್ಲ ಕಣಮ್ಮ, ಟಿಎಂಸಿ ಅಂತ ತಪ್ಪು ಹಾಕಿದ್ರು, ಅದನ್ನ—"

"ಅದೇ ಅದೇ, ನಾವೆಲ್ಲ ನೋಡಿದ್ವಿ. ಅಲ್ಲಾ ಭಾವ, ಯಾಕಿಷ್ಟು ಸೊರಗೋಗಿದ್ದೀರಾ? ಅಕ್ಕ ಸರಿಯಾಗಿ ಊಟಕ್ಕೆ ಹಾಕ್ತಿಲ್ವಾ?"

ಮುದ್ದೆ ತಣ್ಣಗಾಗಿತ್ತು. ಅಪ್ಪ ಎದ್ದು ಕೈ ತೊಳೆದರು. ವಾಪಸ್ ಬರುವಾಗ, ನಾನು ನೋಡುತ್ತಿಲ್ಲ ಅಂದುಕೊಂಡು, ಬಚ್ಚಲಿನ ಪಕ್ಕದ ಕನ್ನಡಿಯಲ್ಲಿ ಒಂದು ಸಲ ಮುಖ ನೋಡಿಕೊಂಡರು.